ಹನ್ನೊಂದನೇ ವಾರ ಕಂಡ ಕಾಲನಿಗಳು

‘ಖಾಲಿ ಪ್ಲೇಟುಗಳನ್ನು ಇನ್ನೆಷ್ಟು ದಿನ ಕಾಯುತ್ತೀರಿ? ಇನ್‌ಕ್ಯುಬೇಟರ್ ನಮಗೂ ಬೇಕು’ ಎಂದು ಪ್ರಯೋಗಾಲಯದಲ್ಲಿ ನನಗೆ ಹೇಳದವರಿಲ್ಲ. ಹನ್ನೊಂದನೇ ವಾರ ಪೋಷಕ ಜೆಲ್ ಹರಡಿದ ಅದೇ ಪ್ಲೇಟುಗಳಲ್ಲಿ ಸುಣ್ಣಕಲ್ಲಿನ ಗುಹೆಯ ಬ್ಯಾಕ್ಟೀರಿಯಾ ಕಾಲನಿಗಳಾಗಿ, ಅಂದರೆ ಕಣ್ಣಿಗೆ ಕಾಣುವ ಗುಂಪುಗಳಾಗಿ, ಬೆಳೆದು ನಿಂತವು. ಗುಹೆಯ ಜೀವಿ ಪ್ಲೇಟಿಗೆ ಒಗ್ಗುವುದಿಲ್ಲ, ನೇರವಾಗಿ ಡಿಎನ್‌ಎ ತೆಗೆದು ಅದರ ಅಕ್ಷರಕ್ರಮ ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಿ ಎನ್ನುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಹಾಗೆಯೇ ಕಳಿಸಿದ್ದೆ. ಆ ವರ್ಷದ ಅನುದಾನದಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಯಿತು. ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ರಾಲ್‌ಸ್ಟೋನಿಯಾ, ಬ್ರಾಡಿರೈಝೋಬಿಯಂ ಎಂಬ ಬ್ಯಾಕ್ಟೀರಿಯಾಗಳು. ಮಾದರಿಯನ್ನೇ ಹಾಕದ ಬ್ಲಾಂಕ್ ಕೊಳವೆಯಲ್ಲೂ ಅವೇ. ಡಿಎನ್‌ಎ ತೆಗೆಯುವ ಕಿಟ್‌ನ ದ್ರಾವಣಗಳಲ್ಲೇ ಇಂಥ ಡಿಎನ್‌ಎ ಸೇರಿರುತ್ತದೆ ಎಂದು 2014ರಲ್ಲೇ ಪ್ರಕಟವಾಗಿದೆ. ಜೀವಿಗಳೇ ವಿರಳವಾಗಿರುವ ಗುಹೆಯ ಮಾದರಿಯಲ್ಲಿ ಅದು ಅಸಲನ್ನೇ ಮುಳುಗಿಸಿಬಿಡುತ್ತದೆ. ಸಾಲದ್ದಕ್ಕೆ ಕಲ್ಲಿನ ಕ್ಯಾಲ್ಸಿಯಂ ಡಿಎನ್‌ಎ ತೆಗೆಯುವುದಕ್ಕೇ ಅಡ್ಡಿ. ಕೈಯಲ್ಲಿ ಜೀವಂತ ಜೀವಿ ಇರದೆ ಇನ್ನು ಮುಂದೆ ಒಂದು ಕಾಸನ್ನೂ ಕಳೆಯುವುದಿಲ್ಲ ಎಂದು ಆಗಲೇ ನಿರ್ಧರಿಸಿದೆ.

ಪೋಷಕಾಂಶ ತುಂಬಿದ ಸಾಮಾನ್ಯ ನ್ಯೂಟ್ರಿಯೆಂಟ್ ಅಗರ್ ಜೆಲ್‌ನಲ್ಲಿ ಎರಡೇ ದಿನಕ್ಕೆ ದಪ್ಪ ಕೆನೆಬಣ್ಣದ ಕಾಲನಿಗಳು ಎದ್ದವು. ನೋಡಿದರೆ ಸ್ಟಾಫಿಲೊಕಾಕಸ್, ನಮ್ಮದೇ ಚರ್ಮದ್ದು. ಲೀಟರಿಗೆ 2 ಮಿಲಿಗ್ರಾಂ ಸಾವಯವ ಇಂಗಾಲವೂ ಸಿಗದ ಕಡೆ ಬದುಕಿದ ಜೀವಿಗೆ ಒಮ್ಮೆಲೇ ಅಷ್ಟು ಉಣಬಡಿಸಿದರೆ ಅದು ಉಳಿಯುವುದಿಲ್ಲ. ಕುಡಿಯುವ ನೀರಿನ ಪರೀಕ್ಷೆಗೆಂದು 1985ರಲ್ಲಿ ರೂಪಿಸಿದ ಆರ್2ಎ ಎಂಬ ಕಡಿಮೆ ಪೋಷಕಾಂಶದ ಮಾಧ್ಯಮವೂ (ಜೀವಿ ಬೆಳೆಸುವ ಆಹಾರ) ನನ್ನ ಗುಹೆಗೆ ಹೆಚ್ಚೇ ಆಯಿತು. ಹತ್ತು ಪಟ್ಟು ತೆಳುಮಾಡಿದೆ, ಸಾಲಲಿಲ್ಲ. ನೂರು ಪಟ್ಟಿಗೆ ಇಳಿದ ಮೇಲೆ ದಾರಿ ಕಂಡಿತು. ಕತ್ತಲೆ, ಗುಹೆಯದೇ ಉಷ್ಣತೆ: 12-13 ಡಿಗ್ರಿ.

ಎಲ್ಲಕ್ಕಿಂತ ಹೆಚ್ಚು ಲಾಭ ತಂದದ್ದು ಬಹಳ ಜನ ಅಸಡ್ಡೆ ಮಾಡುವ ಒಂದು ಕೆಲಸ. ಫಾಸ್ಫೇಟ್ ಮತ್ತು ಅಗರನ್ನು ಒಟ್ಟಿಗೆ ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿದರೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ನಿಧಾನವಾಗಿ ಬೆಳೆಯುವ ಜೀವಿಗೆ ಅದು ವಿಷ. ಎರಡನ್ನೂ ಬೇರೆ ಬಾಟಲಿಗಳಲ್ಲಿ ಕಾಯಿಸಿ, ಕೊಂಚ ಆರಿದ ಮೇಲೆ ಬೆರೆಸಿದೆ. ಪ್ಲೇಟಿಗೆ ನಾಲ್ಕೈದು ಕಾಲನಿ ಬರುತ್ತಿದ್ದಲ್ಲಿ ಮೂವತ್ತು, ನಲವತ್ತು ಬಂದವು.

ಮೂರನೇ ಕಂತಿನ ಇಪ್ಪತ್ತೈದು ಪ್ಲೇಟುಗಳು ಮಾತ್ರ ಏಳನೇ ವಾರಕ್ಕೆ ಒಣಗಿ, ಬತ್ತಿದ ಕೆರೆಯಂಗಳದಂತೆ ಬಿರುಕುಬಿಟ್ಟವು. ಒದ್ದೆ ಕಾಗದವಿಟ್ಟು ಡಬ್ಬಿಯಲ್ಲಿ ಮುಚ್ಚಿದರೆ ಬೂಷ್ಟು ಹಿಡಿಯಿತು. ಎರಡಕ್ಕೂ ಒಂದೇ ಉಪಾಯ ಕಂಡುಕೊಂಡಿದ್ದೇನೆ. ಪ್ರಬಂಧ ಪ್ರಕಟವಾಗುವವರೆಗೆ ಅದು ನನ್ನ ಬಳಿಯೇ ಇರಲಿ.

ಕಾಲನಿಗಳು ಮೊದಲು ಕಂಡದ್ದು ಪ್ಲೇಟನ್ನು ದೀಪಕ್ಕೆ ಓರೆಯಾಗಿ ಹಿಡಿದಾಗ. ಧೂಳೆಂದೇ ಭಾವಿಸಿದ್ದೆ. ಸೂಕ್ಷ್ಮದರ್ಶಕದಡಿ ಸೀಮೆಸುಣ್ಣದ ಪುಡಿಯಂಥ ಬಿಳಿ ಗುಂಡುಗಳು, ಕೆಲವಕ್ಕೆ ಹಳದಿ ಅಂಚು. ಮುಚ್ಚಳ ತೆರೆದರೆ ಮೊದಲ ಮಳೆಗೆ ನೆಲದಿಂದ ಏಳುವ ಮಣ್ಣಿನ ವಾಸನೆ. ಮಣ್ಣಿನಲ್ಲಿ ಸಾಮಾನ್ಯವಾದ ಆಕ್ಟಿನೊಬ್ಯಾಕ್ಟೀರಿಯಾ ಗುಂಪಿನವು ಎಂದು ಆಗಲೇ ಗೊತ್ತಾಯಿತು, ಬ್ಯಾಕ್ಟೀರಿಯಾದ ಗುರುತು ಹಿಡಿಯಲು ಓದುವ 16ಎಸ್ ಜೀನ್ ಆಮೇಲೆ ಅದನ್ನೇ ಹೇಳಿತು. ಗುಹೆಯ ಗೋಡೆಗೆ ತಲೆದೀಪ ಬಿಟ್ಟಾಗ ಚಿನ್ನದಂತೆ ಹೊಳೆಯುವ ಚುಕ್ಕೆಗಳಿವೆಯಲ್ಲ, ನೀರನ್ನು ಮೈಗೆ ಹತ್ತಿಸಿಕೊಳ್ಳದೆ ಹನಿಯಾಗಿ ನಿಲ್ಲಿಸುವ ಆ ಪದರದಿಂದಲೇ ಮಾದರಿ ತೆಗೆದಿದ್ದೆ. ಶುದ್ಧ ತಳಿಗಳು ಈಗ ನಲವತ್ತರ ಆಸುಪಾಸು.

ನಡುವೆ ಕುತೂಹಲಕ್ಕೆ ಕೆಲವನ್ನು ಕ್ಯಾಲ್ಸಿಯಂ ಬೆರೆಸಿದ ಬಿ4 ಮಾಧ್ಯಮಕ್ಕೆ ಹಾಕಿದೆ. ತಿಂಗಳ ಮೇಲೆ ಕಾಲನಿಯ ಸುತ್ತ ಸಕ್ಕರೆಯಂಥ ಹರಳುಗಳು ಮೂಡಿದವು. ಒಂದು ಹನಿ ಆಮ್ಲ ಬಿಟ್ಟರೆ ನೊರೆಯುಕ್ಕಿತು: ಕಾರ್ಬೊನೇಟ್, ಸುಣ್ಣಕಲ್ಲಿನದೇ ವಸ್ತು. ಕಲ್ಲಿನ ಮೇಲೆ ಬದುಕುವುದಷ್ಟೇ ಅಲ್ಲ, ಕಲ್ಲನ್ನು ಕಟ್ಟುವುದೂ ಇವಕ್ಕೆ ಗೊತ್ತು. ಅಮೆರಿಕದ ಲೆಚುಗಿಯಾ ಗುಹೆಯಲ್ಲಿ ನಲವತ್ತು ಲಕ್ಷ ವರ್ಷ ಹೊರಗಿನ ಸಂಪರ್ಕವಿಲ್ಲದ ಬ್ಯಾಕ್ಟೀರಿಯಾ ಕೂಡ ಪ್ರತಿಜೈವಿಕಗಳಿಗೆ ಬಗ್ಗಲಿಲ್ಲ ಎಂದು 2012ರಲ್ಲಿ ವರದಿಯಾಗಿತ್ತು. ನನ್ನವನ್ನೂ ಪರೀಕ್ಷಿಸಿದೆ. ಮೂರರಲ್ಲೊಂದು ತಳಿ ಎರಡಕ್ಕಿಂತ ಹೆಚ್ಚು ಔಷಧಿಗಳನ್ನು ತಡೆದುಕೊಂಡಿತು.

ಹಳೆಯ ಪ್ಲೇಟುಗಳನ್ನು ಇನ್ನೂ ಎಸೆದಿಲ್ಲ. ಇಪ್ಪತ್ತಾರನೇ ವಾರ ಒಂದರ ಅಂಚಿನಲ್ಲಿ ತಿಳಿಗುಲಾಬಿ ಚುಕ್ಕೆಯೊಂದು ಮೂಡಿದೆ. ಅದರಿಂದ ಚೂರು ತೆಗೆದು ಮೂರು ಸಲ ಹೊಸ ಪ್ಲೇಟಿಗೆ ಎಳೆದೆ, ಬರಲಿಲ್ಲ. ಗುಹೆಯ ನೀರನ್ನೇ ಸೋಸಿ ಮಾಧ್ಯಮಕ್ಕೆ ಬೆರೆಸಿ ನಾಲ್ಕನೆಯ ಸಲ ಎಳೆದಿಟ್ಟಿದ್ದೇನೆ.