ಶನಿವಾರದ ಮಾತ್ರೆ

ಎರಡೂ ಹಳದಿ, ಎರಡೂ ಪುಟ್ಟವು. ಒಂದು ಮೆಥೊಟ್ರೆಕ್ಸೇಟ್, ನನ್ನ ಸೋರಿಯಾಸಿಸ್ ಅನ್ನೋ ಚರ್ಮರೋಗಕ್ಕೆ. ಇನ್ನೊಂದು ಫೋಲಿಕ್ ಆಸಿಡ್, ಅದರ ಅಡ್ಡ ಪರಿಣಾಮ ತಗ್ಗಿಸುವ ವಿಟಮಿನ್. ಮೊದಲನೆಯದು ವಾರಕ್ಕೆ ಒಂದೇ ದಿನ, ಎರಡನೆಯದು ಉಳಿದ ದಿನಗಳಲ್ಲಿ. ಇಷ್ಟು ಸರಳ ಲೆಕ್ಕ. ನಾನು ಅದನ್ನೂ ತಪ್ಪಿದೆ.

ವಾರದ ಏಳು ಖಾನೆ ಇರುವ ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ. ಒಂದು ರಾತ್ರಿ ಟಿವಿ ನೋಡುತ್ತಾ ಅದಕ್ಕೆ ಮಾತ್ರೆ ತುಂಬಿದೆ. ಫೋಲಿಕ್ ಆಸಿಡ್ ಹಾಕಬೇಕಾದ ಖಾನೆಗಳಿಗೆ ಮೆಥೊಟ್ರೆಕ್ಸೇಟ್ ಬಿದ್ದಿತ್ತು. ಭಾನುವಾರ, ಸೋಮವಾರ, ಮಂಗಳವಾರ, ಮೂರು ದಿನ ಗೊತ್ತಿಲ್ಲದೆ ನುಂಗಿದೆ. ಬುಧವಾರ ಮಧ್ಯಾಹ್ನ ಸಾರನ್ನ ಬಾಯಿಗಿಟ್ಟರೆ ಬೆಂಕಿ! ಕನ್ನಡಿಯಲ್ಲಿ ನೋಡಿದರೆ ಕೆನ್ನೆಯ ಒಳಗೆ, ನಾಲಿಗೆ ಅಂಚಲ್ಲಿ ಹುಣ್ಣು. ಸ್ಟ್ರಿಪ್ ಎಣಿಸಿದಾಗ ಮೂರು ಮಾತ್ರೆ ಕಮ್ಮಿ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ಎಲ್ಲಾ ನಿಲ್ಲಿಸಿ ಈಗಲೇ ಬನ್ನಿ, ಇವತ್ತೇ ರಕ್ತ ಪರೀಕ್ಷೆ ಆಗಬೇಕು ಅಂದರು. ಬಿಳಿ ರಕ್ತಕಣ ಸ್ವಲ್ಪ ಇಳಿದಿತ್ತು ಅಷ್ಟೇ, ಬಚಾವಾದೆ. ವಾರಕ್ಕೊಮ್ಮೆ ತಗೋಬೇಕಾದ್ದನ್ನು ದಿನಾ ತಗೊಂಡು ಪ್ರಾಣ ಕಳೆದುಕೊಂಡವರೂ ಇದ್ದಾರೆ ಅಂತ ಅವರು ಆಮೇಲೆ ಹೇಳಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಬ್ಬಿ ಎಸೆದೆ. ಈಗ ಮೆಥೊಟ್ರೆಕ್ಸೇಟ್ ಬೀರುವಿನಲ್ಲಿ, ಫೋಲಿಕ್ ಆಸಿಡ್ ಅಡುಗೆಮನೆಯಲ್ಲಿ. ಎರಡೂ ಸ್ಟ್ರಿಪ್ಪಿನಲ್ಲೇ ಇರುತ್ತವೆ, ಬಿಡಿಸಿಡೋದಿಲ್ಲ. ಶನಿವಾರ ರಾತ್ರಿ ಮಾತ್ರೆ ತಗೊಂಡ ಮೇಲೆ ಕ್ಯಾಲೆಂಡರಿನಲ್ಲಿ ನನ್ನ ಹೆಂಡತಿ ಗೀಟು ಹಾಕುತ್ತಾಳೆ. ಗೀಟು ಅವಳೇ ಹಾಕಬೇಕು, ನಾನಲ್ಲ.

ನನಗೆ ಸೋರಿಯಾಸಿಸ್ ಶುರುವಾಗಿ ಹದಿನಾಲ್ಕು ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯ ಕೆಲಸ, ದಿನವಿಡೀ ಸೀರೆ ಬಿಡಿಸಿ ತೋರಿಸೋದು. ಕಡುನೀಲಿ ರೇಷ್ಮೆಯ ಮೇಲೆ ನನ್ನ ಮೊಣಕೈಯಿಂದ ಬಿಳಿ ಹೊಟ್ಟು ಉದುರಿದಾಗ ಗಿರಾಕಿಯ ಮುಖ ಹೇಗಾಗುತ್ತದೆ ಅಂತ ನನ್ನನ್ನು ಕೇಳಿ. ಇದು ಅಂಟುರೋಗ ಅಲ್ಲ ಅಂತ ಎಷ್ಟು ಜನರಿಗೆ ಹೇಳೋದು? ಮೊದಲ ಕೆಲವು ವರ್ಷ ಬರೀ ಮುಲಾಮು. ಕ್ಲೊಬೆಟಸಾಲ್ ಅನ್ನೋ ಜೋರಾದ ಸ್ಟೀರಾಯ್ಡ್. ಡಾಕ್ಟರು ಎರಡು ವಾರಕ್ಕೆ ಬರೆದುಕೊಟ್ಟಿದ್ದು, ನಾನು ಮೆಡಿಕಲ್ ಶಾಪಿನಿಂದ ಟ್ಯೂಬಿನ ಮೇಲೆ ಟ್ಯೂಬು ತಂದು ವರ್ಷಗಟ್ಟಲೆ ಹಚ್ಚಿದೆ. ತೊಡೆಸಂದಿಯ ಚರ್ಮ ತೆಳ್ಳಗಾಗಿ ಗೀರು ಬಿತ್ತು, ಆ ಗೀರು ಇವತ್ತಿಗೂ ಹೋಗಿಲ್ಲ. ಹಾಗಾಗಿ ಅಡ್ಡ ಪರಿಣಾಮದ ಮೊದಲ ಪಾಠ ಮಾತ್ರೆಯಿಂದಲ್ಲ, ಆ ಪುಟ್ಟ ಟ್ಯೂಬಿನಿಂದ ಕಲಿತೆ.

ಆಮೇಲೆ ಮೆಥೊಟ್ರೆಕ್ಸೇಟ್. ಶುರು ಮಾಡುವ ಮೊದಲು ರಕ್ತ, ಲಿವರ್, ಕಿಡ್ನಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ಎದೆಯ ಎಕ್ಸ್‌ರೇ, ಎಲ್ಲಾ ಆಯಿತು. ಭಾನುವಾರ ಅಂಗಡಿಗೆ ರಜೆ, ಅದಕ್ಕೆ ಶನಿವಾರ ರಾತ್ರಿ ಅಂತ ಗೊತ್ತು ಮಾಡಿಕೊಂಡೆ. ನಮ್ಮವ್ವ ಒಪ್ಪಲಿಲ್ಲ. "ಶನಿವಾರ ಎಣ್ಣೆನೂ ತರಬಾರದು ಅಂತಾರೆ, ನೀನು ಔಷಧಿ ಶುರು ಮಾಡ್ತೀಯೇನೋ?" ಅಂದಳು. ಇವತ್ತಿಗೂ ಅವಳ ಬಾಯಲ್ಲಿ ಅದು ಶನಿ ಮಾತ್ರೆ.

ನಮ್ಮ ಚರ್ಮ ಹುಟ್ಟಿ ಉದುರೋಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವವರಲ್ಲಿ ಅದೇ ಕೆಲಸ ಕೆಲವೇ ದಿನದಲ್ಲಿ ಮುಗಿದು, ಹೊಟ್ಟು ಪದರ ಪದರವಾಗಿ ಕೂರುತ್ತದೆ. ಜೀವಕೋಶ ಬೆಳೆಯೋಕೆ ಫೋಲಿಕ್ ಆಸಿಡ್ ಬೇಕು, ಮೆಥೊಟ್ರೆಕ್ಸೇಟ್ ಆ ದಾರಿಗೆ ಅಡ್ಡ ನಿಲ್ಲುತ್ತದೆ. ಜೊತೆಗೆ ದಾರಿ ತಪ್ಪಿದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಆದರೆ ಬಾಯಿಯ ಒಳಪದರ, ಹೊಟ್ಟೆ, ರಕ್ತ ಇವೂ ಬೇಗ ಬೆಳೆಯುವಂಥವೇ, ಅವಕ್ಕೂ ಪೆಟ್ಟು. ಅದಕ್ಕೇ ಉಳಿದ ದಿನ ಫೋಲಿಕ್ ಆಸಿಡ್ ಕೊಟ್ಟು ಸರಿದೂಗಿಸೋದು. ತಮಾಷೆ ಏನಂದರೆ, ಫೋಲಿಕ್ ಆಸಿಡ್ ತಯಾರಿಸಿದ್ದೂ, ಅದನ್ನು ತಡೆಯುವ ಈ ಔಷಧಿ ಬಂದದ್ದೂ ಅಮೆರಿಕದಲ್ಲಿ 1940ರ ದಶಕದಲ್ಲಿ ಒಂದೇ ತಂಡದಿಂದ. ಆ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇದನ್ನು ಹೇಳಿದ ಮೇಲೆ ಅವ್ವನಿಗೆ ಮಾತ್ರೆಯ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಮೊದಲ ಎರಡು ತಿಂಗಳು ಚರ್ಮದಲ್ಲಿ ಏನೂ ಬದಲಾವಣೆ ಇಲ್ಲ, ಕಷ್ಟ ಮಾತ್ರ ಮೊದಲ ವಾರದಿಂದಲೇ. ಭಾನುವಾರ ಎದ್ದರೆ ಹೊಟ್ಟೆ ತೊಳಸುತ್ತದೆ. ನಮ್ಮ ಬೀದಿ ತುದಿಯಲ್ಲೇ ಬೆಣ್ಣೆ ದೋಸೆ ಹೋಟೆಲು, ಆ ಬೆಣ್ಣೆ ಕಾದ ವಾಸನೆಗೇ ಓಕರಿಕೆ. ದಾವಣಗೆರೆಯವನಿಗೆ ಇದಕ್ಕಿಂತ ಶಿಕ್ಷೆ ಬೇಕಾ? ಜೊತೆಗೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ ಮಂಕು, ಸುಮ್ನೆ ಬಿದ್ದುಕೊಂಡಿರೋಣ ಅನ್ನಿಸೋದು. ನನಗೆ ಹೊಂದಿದ್ದು ಇಷ್ಟು: ಶನಿವಾರ ಬೇಗ ಊಟ, ಮೊಸರನ್ನವೇ, ಖಾರ ಇಲ್ಲ. ಊಟ ಆದ ಮೇಲೆ ಮಾತ್ರೆ, ತಕ್ಷಣ ನಿದ್ದೆ. ಭಾನುವಾರ ಪೂರ್ತಿ ನೀರು ಜಾಸ್ತಿ, ಬೆಳಿಗ್ಗೆ ಗಂಜಿ ಅಥವಾ ಒಣ ಮಂಡಕ್ಕಿ. ಅದೂ ಸಾಲದಾದಾಗ ಡಾಕ್ಟರಮ್ಮ ವಾಂತಿ ನಿಲ್ಲಿಸುವ ಮಾತ್ರೆ ಬರೆದುಕೊಟ್ಟರು. ಇನ್ನೂ ಆಗದಿದ್ದರೆ ಇದೇ ಔಷಧಿ ಚರ್ಮದಡಿಯ ಇಂಜೆಕ್ಷನ್ನಾಗಿ ಬರುತ್ತದೆ, ಹೊಟ್ಟೆಗೆ ಹಗುರ ಅಂದರು. ನನಗೆ ಆ ಹಂತ ಬರಲಿಲ್ಲ. ಕೂದಲೂ ಸ್ವಲ್ಪ ಉದುರಿತು, ಇದ್ದದ್ದೇ ಕಮ್ಮಿ, ಬಿಡಿ.

ಈ ಮಾತ್ರೆಯಿಂದ ಲಿವರಿಗೂ ಪೆಟ್ಟು ಬೀಳಬಹುದು, ಹೆಂಡ ಸೇರಿದರೆ ಇನ್ನೂ ಜಾಸ್ತಿ. ಆ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಒರಟು. ಮದುವೆ ಮನೆಯಲ್ಲಿ "ಒಂದೇ ಪೆಗ್ಗು ಮಾರಾಯ" ಅಂದವರಿಗೆ ಬೇಜಾರಾದರೂ ಪರವಾಗಿಲ್ಲ ಅಂತ ಎದ್ದು ಬರುತ್ತೇನೆ. ಮೊದಲು ಎರಡು ವಾರಕ್ಕೊಮ್ಮೆ ಇದ್ದ ರಕ್ತ ಪರೀಕ್ಷೆ ಈಗ ಮೂರು ತಿಂಗಳಿಗೊಮ್ಮೆ. ಒಂದು ಸಲ ಎಸ್‌ಜಿಪಿಟಿ, ಅಂದರೆ ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಹೆಚ್ಚುವ ಅಂಕಿ, 112ಕ್ಕೆ ಏರಿತ್ತು. ಏನೇನು ತಗೋತಿದ್ದೀರಿ ಅಂತ ಕೇಳಿದಾಗ, ನಂಟರೊಬ್ಬರು ಕೊಟ್ಟ ಕಷಾಯದ ಪುಡಿಯ ಹೆಸರು ಹೇಳೋಕೆ ನಾಚಿಕೆಯಾಯಿತು. ಕಷಾಯ ಬಿಟ್ಟೆ, ಮಾತ್ರೆಯನ್ನೂ ಅವರು ಕೆಲವು ವಾರ ನಿಲ್ಲಿಸಿದರು, ಅಂಕಿ ಇಳಿಯಿತು.

ಇನ್ನೊಂದು ಸಲ ಉರಿಮೂತ್ರ ಅಂತ ಬೇರೆ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ಕೋಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯೋಟಿಕ್ ಇತ್ತು. ನಾನು ಮೆಥೊಟ್ರೆಕ್ಸೇಟ್ ತಗೋತೀನಿ ಅಂತ ಅಲ್ಲಿ ಹೇಳಿರಲೇ ಇಲ್ಲ. ನುಂಗುವ ಮೊದಲು ಡಾಕ್ಟರಮ್ಮನಿಗೆ ಫೋಟೋ ಕಳಿಸಿದ್ದಕ್ಕೆ ಉಳಿದುಕೊಂಡೆ. ಅದೂ ಇದೂ ಸೇರಿದರೆ ರಕ್ತಕಣ ತೀರಾ ಕುಸಿಯಬಹುದಂತೆ. ಈಗ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಒಂದು ಚೀಟಿ ಇದೆ: ಔಷಧಿಯ ಹೆಸರು, 15 ಮಿಲಿಗ್ರಾಂ, ವಾರಕ್ಕೊಮ್ಮೆ, ಶನಿವಾರ. ಹಲ್ಲಿನ ಡಾಕ್ಟರಿಗೂ ತೋರಿಸುತ್ತೇನೆ. ನೋವಿನ ಮಾತ್ರೆಯನ್ನೂ ಕೇಳದೆ ತಗೊಳ್ಳುವುದಿಲ್ಲ, ಜ್ವರ ಬಂದರೆ ಕಾಯುತ್ತಾ ಕೂರುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಲೇಬೇಕು. ಬಸುರಿಯರು ಇದನ್ನು ಮುಟ್ಟಲೇಬಾರದು, ಮಗುವಿನ ಯೋಚನೆ ಇದ್ದರೆ ಎಷ್ಟೋ ತಿಂಗಳು ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಮಗು ಬೇಕು ಅನ್ನುವ ಗಂಡಸರೂ ಮೊದಲೇ ಕೇಳಿಕೊಳ್ಳಲಿ.

ಮೂರನೇ ತಿಂಗಳ ಕೊನೆಗೆ ಮೊಣಕೈ ನಯವಾಯಿತು. ಮೊಣಕಾಲಲ್ಲಿ ಎರಡು ಕಲೆ ಇನ್ನೂ ಇವೆ, ಚಳಿಗಾಲದಲ್ಲಿ ಕೆರಳುತ್ತವೆ. ಅಂಗಡಿಗೆ ಈಗ ಅರ್ಧ ತೋಳಿನ ಶರ್ಟೇ ಹಾಕಿಕೊಂಡು ಹೋಗುತ್ತೇನೆ. ಭಾನುವಾರ ಮಾತ್ರ ಇವತ್ತಿಗೂ ಗಂಜಿಯೇ. ಬೆಣ್ಣೆ ದೋಸೆ ಏನಿದ್ದರೂ ಮಂಗಳವಾರದ ಮೇಲೆ.