ವೈರಲ್ ಲೋಡ್ ಚೆನ್ನಾಗಿತ್ತು, ಬಿಪಿ ನೋಡಿರಲಿಲ್ಲ

ಎಚ್‌ಐವಿ ಇರುವವರಿಗೆ ಚಿಕಿತ್ಸೆ ಕೊಡುವ ವೈದ್ಯೆ ನಾನು. ಬಹಳ ವರ್ಷ, ರಿಪೋರ್ಟ್ ಕೈಗೆ ಬಂದರೆ ಮೊದಲು ನೋಡುತ್ತಿದ್ದದ್ದು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ. ವೈರಸ್ ಪತ್ತೆಯಾಗಿಲ್ಲ ಅಂತಿದ್ದರೆ "ಚೆನ್ನಾಗಿದ್ದೀರಿ" ಎಂದು ಮಾತ್ರೆ ಬರೆದು ಕಳಿಸುತ್ತಿದ್ದೆ. ಹಾಗೆ ಕಳಿಸಿದ್ದ ಒಬ್ಬರಿಗೆ 48ನೇ ವಯಸ್ಸಿಗೆ ಹೃದಯಾಘಾತವಾಯಿತು. ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ಹಳೆಯ ಫೈಲ್ ತೆಗೆದು ನೋಡಿದೆ. ಎರಡು ವರ್ಷದಲ್ಲಿ ಬಿಪಿ ಬರೆದದ್ದು ಒಂದೇ ಸಲ: 150/96. ಅದಕ್ಕೆ ನಾನು ಏನೂ ಮಾಡಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಎಚ್‌ಐವಿ ಇದ್ದರೆ ಹೃದಯದ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವೈರಸ್ ಹಿಡಿತದಲ್ಲಿದ್ದರೂ ಒಳಗೆ ಸಣ್ಣ ಉರಿಯೂತ ಉಳಿದೇ ಇರುತ್ತದೆ, ರಕ್ತನಾಳಗಳನ್ನು ಮೆಲ್ಲಗೆ ಕೆಡಿಸುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ನನ್ನ ಕೆಲಸದೊಳಗೆ ಬಂದಿರಲಿಲ್ಲ.

ಈಗ ನನ್ನ ಮುಂದೆ ಕೂರುವ ಮೊದಲೇ ಬಿಪಿ, ತೂಕ, ಸೊಂಟದ ಅಳತೆ ಆಗಿರಬೇಕು. ಡೋಲುಟೆಗ್ರಾವಿರ್ ಎಂಬ ಎಚ್‌ಐವಿ ಮಾತ್ರೆ ಶುರುವಾದ ಮೇಲೆ ಕೆಲವರ ತೂಕ ಏರುತ್ತದೆ. "ಮೈ ತುಂಬಿದೆ, ಒಳ್ಳೇದೇ ಅಲ್ವಾ ಡಾಕ್ಟ್ರೇ?" ಎನ್ನುತ್ತಾರೆ. ಒಂದು ಕಾಲದಲ್ಲಿ ಎಲುಬು ಕಾಣುವಷ್ಟು ಸೊರಗಿದ್ದವರಿಗೆ ಆ ತೂಕ ಎಷ್ಟು ಧೈರ್ಯ ಕೊಡುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಗದರುವುದಿಲ್ಲ. ಟೇಪ್ ಹಿಡಿದು, ಹೊಟ್ಟೆಯ ಸುತ್ತ ಕೊಬ್ಬು ಸೇರಿದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳುತ್ತೇನೆ. ನಿಲ್ಲಿಸಿದರೆ ಹೃದಯಕ್ಕೂ ಕೆಟ್ಟದ್ದೇ.

ಸಕ್ಕರೆಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಒಂದನ್ನೇ ನಂಬುವುದಿಲ್ಲ. ಇವರಲ್ಲಿ ಅದು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಖಾಲಿ ಹೊಟ್ಟೆಯ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಡೋಲುಟೆಗ್ರಾವಿರ್ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೊಡುವಾಗ ದಿನಕ್ಕೆ 1,000 ಮಿ.ಗ್ರಾಂ ದಾಟಿಸುವುದಿಲ್ಲ.

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಬಗ್ಗೆ ನನ್ನ ಮನಸ್ಸು ಬದಲಾದದ್ದು 2023ರಲ್ಲಿ, ರಿಪ್ರೀವ್ ಅಧ್ಯಯನ ಬಂದಾಗ. ಎಚ್‌ಐವಿ ಇರುವ, ಹೃದಯದ ಅಪಾಯ ಅಷ್ಟೇನೂ ಇಲ್ಲ ಎನಿಸುವ, 40ರಿಂದ 75 ವರ್ಷದ 7,769 ಜನ ಅದರಲ್ಲಿದ್ದರು. ದಿನಕ್ಕೆ 4 ಮಿ.ಗ್ರಾಂ ಪಿಟಾವಾಸ್ಟಾಟಿನ್ ಎಂಬ ಸ್ಟಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು 35% ಕಡಿಮೆಯಾದವು. ಈಗ ನಲವತ್ತು ದಾಟಿದವರೊಡನೆ ಈ ಮಾತು ತೆಗೆಯುತ್ತೇನೆ. "ಇನ್ನೂ ಒಂದು ಮಾತ್ರೆನಾ?" ಎಂಬ ಬೇಸರ ಸಹಜ. ಆಗ ಆತುರ ಮಾಡುವುದಿಲ್ಲ, ಮುಂದಿನ ಭೇಟಿಗೆ ಬಿಡುತ್ತೇನೆ. ಆದರೆ ರಿಟೋನಾವಿರ್ ಎಂಬ ಎಚ್‌ಐವಿ ಔಷಧ ತೆಗೆದುಕೊಳ್ಳುವವರಿಗೆ ಸಿಮ್ವಾಸ್ಟಾಟಿನ್ ಎಂಬ ಸ್ಟಾಟಿನ್ ಎಂದೂ ಬರೆಯುವುದಿಲ್ಲ. ಎರಡೂ ಸೇರಿದರೆ ಸಿಮ್ವಾಸ್ಟಾಟಿನ್ ರಕ್ತದಲ್ಲಿ ವಿಪರೀತ ಏರಿ ಸ್ನಾಯುಗಳನ್ನೇ ಹಾಳುಮಾಡಬಹುದು. ಬೇರೆ ಕಡೆ ಬರೆಸಿಕೊಂಡ ಚೀಟಿಗಳನ್ನೂ ತರಿಸಿ ನೋಡುವುದು ಅದಕ್ಕೇ.

ಸಿಗರೇಟು ಬಿಡಿಸುವುದು ಮಾತ್ರ ಇನ್ನೂ ಕಷ್ಟವಾಗಿಯೇ ಇದೆ. ಹೃದಯಾಘಾತವಾದ ಆ ಮನುಷ್ಯ ಮೂರು ಸಲ ಬಿಟ್ಟು ಮತ್ತೆ ಹಿಡಿದರು. ಪ್ರತಿ ಭೇಟಿಯಲ್ಲೂ ಕೇಳುತ್ತೇನೆ. ಕಳೆದ ಸಲ, ನಾಲ್ಕು ತಿಂಗಳಾಯಿತು ಎಂದರು.