ಅರ್ಧ ಪುಟಕ್ಕೇ ನಿಲ್ಲುತ್ತಿದ್ದ ಶಾಯಿ ಪೆನ್ನು ಸರಿಯಾದ ಬಗೆ

ರಾಯಚೂರಿನ ನಮ್ಮ ಮನೆಯಲ್ಲಿರುವ, ಡ್ರಾಪರ್‌ನಿಂದ ಶಾಯಿ ತುಂಬುವ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನು ಏಳೆಂಟು ಸಾಲು ಚೆನ್ನಾಗಿ ಬರೆದು, ಆಮೇಲೆ ಅಕ್ಷರ ತೆಳುವಾಗಿ, ಅರ್ಧ ಪುಟದೊಳಗೆ ಪೂರ್ತಿ ನಿಲ್ಲುತ್ತಿತ್ತು. ಕೊಡವಿದರೆ ಮತ್ತೆರಡು ಸಾಲು ಬರುತ್ತಿತ್ತು.

ಬೇಸಿಗೆಯ ಒಣಗಾಳಿಗೆ ಶಾಯಿ ನಿಬ್ಬಿನಲ್ಲೇ ಆರುತ್ತಿದೆಯೆಂದು ಭಾವಿಸಿ ಬೇರೆ ಶಾಯಿ ತುಂಬಿದೆ. ರಾತ್ರಿಯಿಡೀ ನೀರಿನಲ್ಲಿ ನೆನೆಯಿಟ್ಟೆ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ ತೊಳೆದೆ, ಹೊಸ ನಿಬ್ಬನ್ನೂ ಹಾಕಿಸಿದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಕೊನೆಗೆ ಪೆನ್ನನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದಾಗ ನಿಬ್ಬಿಗೂ ಅದರಡಿಯ ಕಪ್ಪು ನಾಲಿಗೆಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ನಾಲಿಗೆಯ ಗೀರಿನಲ್ಲಿ ಇಳಿದುಬಂದ ಶಾಯಿ ಈ ಸಂದನ್ನು ದಾಟಿ ನಿಬ್ಬಿನ ಸೀಳನ್ನು ತಲುಪುತ್ತಿರಲಿಲ್ಲ. ಈ ನಾಲಿಗೆಯೂ ಎಬೊನೈಟಿನದೇ; ಎಬೊನೈಟ್ ಎಂಬುದು ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರ್ ಆದ್ದರಿಂದ ಬಿಸಿಗೆ ಮೆದುವಾಗಿ ಬಾಗುತ್ತದೆ. ಶಾಯಿ ಖಾಲಿ ಮಾಡಿ ತೊಳೆದ ಬಳಿಕ, ಕುದಿಸಿ ಎರಡು ನಿಮಿಷ ಆರಿಸಿದ ನೀರಿನಲ್ಲಿ ನಿಬ್ಬು, ನಾಲಿಗೆಗಳನ್ನಷ್ಟೇ 30 ಸೆಕೆಂಡು ಅದ್ದಿದೆ. ಹೊರತೆಗೆದೊಡನೆ, ಆರುವ ಮುನ್ನವೇ, ಬಟ್ಟೆ ಸುತ್ತಿದ ಹೆಬ್ಬೆರಳನ್ನು ನಿಬ್ಬಿನ ಮೇಲೂ ತೋರುಬೆರಳನ್ನು ನಾಲಿಗೆಯ ಕೆಳಗೂ ಇಟ್ಟು 20 ಸೆಕೆಂಡು ಒತ್ತಿಹಿಡಿದು, ಹಾಗೆಯೇ ತಣ್ಣೀರಿನಲ್ಲಿ ಮುಳುಗಿಸಿದೆ. ಎರಡನೆಯ ಸಲಕ್ಕೆ ಸಂದು ಮುಚ್ಚಿತು.

ನಾಲಿಗೆ ಪ್ಲಾಸ್ಟಿಕ್ಕಿನದಾದರೆ ಈ ವಿಧಾನವನ್ನು ಮಾಡಲೇಬಾರದು. ಎಬೊನೈಟಿನ ಒಡಲನ್ನೂ ಬಿಸಿನೀರಿಗೆ ತಾಗಿಸಬಾರದು, ಅದರ ಬಣ್ಣ ಮಾಸುತ್ತದೆ. ನಮ್ಮ ಬೋರ್‌ವೆಲ್ ನೀರು ಆರಿದಲ್ಲೆಲ್ಲ ಬಿಳಿ ಪೊರೆ ಬಿಡುವುದರಿಂದ ಕೊನೆಯ ತೊಳೆತಕ್ಕೆ ಫಿಲ್ಟರ್ ನೀರನ್ನೇ ಬಳಸಿದೆ. ಈಗ ಪೆನ್ನು ನಾಲ್ಕು ಪುಟ ತಡೆಯಿಲ್ಲದೆ ಬರೆಯುತ್ತಿದೆ.